ಒಂದು ತಿಜೋರಿ, ಒಂದು ಜೇಬಿನ ಕಾರ್ಡು: ಕಲಬುರಗಿಯ ನಮ್ಮ ಕಿರುಚಿತ್ರದ ಕೆಲಸದ ಲೆಕ್ಕ

ತಿಜೋರಿ ಮುಗಿದಿದೆ. ಚಕ್ರ ತಿರುಗಿಸಿದರೆ ಬಾಗಿಲು ಹಿಡಿದಿಡುವ ಎಂಟೂ ಬೋಲ್ಟು ಒಟ್ಟಿಗೆ ಒಳಗೆ ಸರಿಯುತ್ತವೆ. ಬಾಗಿಲು ಎಳೆಯಲು ಮೈಯ ಭಾರ ಹಾಕಬೇಕು. ನಮಗೆ ಬೇಕಿದ್ದದ್ದು ಅದೇ. ಕಳ್ಳತನದ ಕಿರುಚಿತ್ರ ಮಾಡಬೇಕು, ಕೈಯಲ್ಲಿ ದುಡ್ಡು ಕಡಿಮೆ ಅನ್ನುವವರಿಗೆ ಉಪಯೋಗವಾಗಲಿ ಅಂತ ಮಾಡಿದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಕೆಲಸಕ್ಕೆ ಬಾರದ್ದನ್ನೂ ಬರೆಯುತ್ತೇನೆ, ಯಾಕಂದ್ರೆ ದುಡ್ಡು ಅಲ್ಲೇ ಜಾಸ್ತಿ ಹೋಗುತ್ತದೆ.

ನಮ್ಮ ಕಥೆ ಚಿಕ್ಕದು. ಸರಾಫ್ ಬಜಾರಿನ ಅಂಗಡಿಗಳಿಗೆ ತಿಜೋರಿ ರಿಪೇರಿ ಮಾಡುವ ಒಬ್ಬ ಮನುಷ್ಯ. ರಾತ್ರಿ ಅದೇ ಕೈಯಿಂದ ಕಳ್ಳತನ. ಅವನಿಗೆ ಇದೆಲ್ಲ ಬಿಟ್ಟು ಮನೆ ಮಾಡಿಕೊಂಡು ಎಲ್ಲರ ಹಾಗೆ ಬದುಕಬೇಕು. ಇದಕ್ಕೆ ದಾರಿ ತೋರಿಸಿದ್ದು 1981ರ 'ಥೀಫ್'. ಮೈಕೆಲ್ ಮ್ಯಾನ್ ಥಿಯೇಟರಿಗಾಗಿ ಮಾಡಿದ ಮೊದಲ ಸಿನಿಮಾ ಅದು. ಜೇಮ್ಸ್ ಕಾನ್ ಅದರಲ್ಲಿ ಶಿಕಾಗೋದ ಕಸುಬುದಾರ ಕಳ್ಳ ಫ್ರಾಂಕ್. ಹಗಲು ಹಳೆ ಕಾರು ಮಾರುತ್ತಾನೆ, ರಾತ್ರಿ ತಿಜೋರಿ ಒಡೆಯುತ್ತಾನೆ. ಜೈಲಿನಲ್ಲಿ ಹೋದ ವರ್ಷಗಳನ್ನು ಹೇಗಾದರೂ ವಾಪಸ್ ಪಡೆಯಬೇಕು ಅನ್ನುವ ಅವಸರ ಅವನದು.

ಆ ಸಿನಿಮಾದಲ್ಲಿ ನನಗೆ ಹಿಡಿಸಿದ್ದು ಕಳ್ಳತನವನ್ನು ಕೂಲಿ ಕೆಲಸದ ಹಾಗೆ ತೋರಿಸಿದ ರೀತಿ. ನಿಜವಾದ ಮಾಜಿ ಕಳ್ಳರನ್ನು ಸಲಹೆಗೆ ಇಟ್ಟುಕೊಂಡಿದ್ದರು. ಉಪಕರಣಗಳೂ ನಿಜವಾದವು. ಡ್ರಿಲ್ಲು ಭಾರ ಇದೆ, ಬೆಂಕಿ ಬಿಸಿ ಇದೆ, ಮನುಷ್ಯ ದಣಿಯುತ್ತಾನೆ. ಕೆಲಸ ಮುಗಿದ ಮೇಲೆ ಫ್ರಾಂಕ್ ಕುರ್ಚಿ ಮೇಲೆ ಕೂತು ಸಿಗರೇಟು ಹಚ್ಚುತ್ತಾನೆ. ಆ ದಣಿವು ನಂಬಿಕೆ ಬರುವಂತಿದ್ದರೆ ಮಾತ್ರ 'ಇದನ್ನು ಬಿಡಬೇಕು' ಅನ್ನುವ ಅವನ ಆಸೆಯನ್ನೂ ನಾವು ನಂಬುತ್ತೇವೆ. ಹಾಗಾಗಿ ನಮ್ಮ ತಿಜೋರಿಗೆ ಮೊದಲ ಷರತ್ತು ತೂಕ, ಅಂದಚೆಂದ ಆಮೇಲೆ.

ಹಂತ 1: ಡಬ್ಬಿ ಮತ್ತು ಬಾಗಿಲು

ಅಳತೆ: 4 ಅಡಿ ಎತ್ತರ, 2.5 ಅಡಿ ಅಗಲ, 2 ಅಡಿ ಆಳ. ಮೊದಲು ಗುಜರಿಯಲ್ಲಿ ಹಳೆ ತಿಜೋರಿ ಹುಡುಕಿದೆವು. ಒಂದು ಸಿಕ್ಕಿತು, ಆದರೆ ನಾಲ್ಕು ಜನ ಹಿಡಿದರೂ ಅಲುಗಲಿಲ್ಲ. ಹಿಂಬದಿ ಮುಚ್ಚಿದ್ದರೆ, ಬಾಗಿಲು ಕೊರೆಯುವ ದೃಶ್ಯಕ್ಕೆ ಕಿಡಿ ಹಾರಿಸುವವನು ಒಳಗೆ ಕೂರಲೂ ಆಗುವುದಿಲ್ಲ. ಅದನ್ನು ಬಿಟ್ಟು ಹೊಸದಾಗಿ ಮಾಡಿಸುವುದೇ ಸರಿ ಅನ್ನಿಸಿತು.

ಕಪನೂರ ಇಂಡಸ್ಟ್ರಿಯಲ್ ಏರಿಯಾ ಕಡೆ ಗೇಟು, ಗ್ರಿಲ್ಲು ಮಾಡುವ ಒಬ್ಬ ಹಿರಿಯರಿದ್ದಾರೆ. ಎಲ್ಲರೂ ಉಸ್ತಾದ್ ಅನ್ನುತ್ತಾರೆ, ನಾವೂ ಹಾಗೇ ಕರೆದೆವು. 40 ಎಂಎಂ ಚೌಕ ಪೈಪಿನ ಫ್ರೇಮು, ಮೇಲೆ 18 ಗೇಜಿನ ತೆಳು ಉಕ್ಕಿನ ಶೀಟು, ಬಾಗಿಲ ಹಿಂದೆ 6 ಎಂಎಂ ಪ್ಲೈ. ಬಾಗಿಲು ದಪ್ಪ ಕಾಣಲಿ ಅಂತ ಅಂಚಿಗೆ 5 ಇಂಚು ಮಡಿಕೆ ಕೊಟ್ಟೆವು.

ಮೊದಲ ಸಲ ನಮ್ಮ ನಟ ಬಾಗಿಲು ಎಳೆದಾಗ ಅದು ಕಪಾಟಿನ ಬಾಗಿಲಿನ ಹಾಗೆ ಹಾರಿ ಬಂತು. ಲೆಕ್ಕ ಹಾಕಿದರೆ ಶೀಟು 9 ಕೆಜಿ, ಫ್ರೇಮು 9 ಕೆಜಿ, ಬೋಲ್ಟು, ಪ್ಲೈ, ಚಕ್ರ ಎಲ್ಲ ಸೇರಿ 27 ಕೆಜಿ ಹತ್ತಿರ. ಕೈಯಿಂದ ತಟ್ಟಿದರೆ ತಗಡಿನ ಸದ್ದು. "ಭಾರ ಇದ್ದಂಗ ಆ್ಯಕ್ಟ್ ಮಾಡು" ಅಂತ ನಟನಿಗೆ ಹೇಳಿ ನೋಡಿದೆವು. ಭುಜ ಸುಳ್ಳು ಹೇಳುತ್ತಿತ್ತು. ಕ್ಯಾಮೆರಾ ಅದನ್ನು ತಕ್ಷಣ ಹಿಡಿಯುತ್ತದೆ.

ಶೀಟು ಮತ್ತು ಪ್ಲೈ ನಡುವಿನ ಜಾಗದಲ್ಲಿ ಒಣ ಮರಳಿನ ಚಿಕ್ಕ ಚೀಲಗಳನ್ನು ಒತ್ತಿ ತುಂಬಿದೆವು, ಒಟ್ಟು 25 ಕೆಜಿ. ತಗಡಿನ ಸದ್ದು ಪೂರ್ತಿ ಸತ್ತಿತು. ನಿಜವಾದ ತಿಜೋರಿಗಳಲ್ಲೂ ಎರಡು ಉಕ್ಕಿನ ಪದರದ ನಡುವೆ ಕಾಂಕ್ರೀಟು ತುಂಬುವುದುಂಟು. ಮರಳು ನೆನೆದಿದ್ದರೆ ಶೀಟು ತುಕ್ಕು ಹಿಡಿಯುತ್ತದೆ. ಬಿಸಿಲಲ್ಲಿ ಹರಡಿ ಒಣಗಿಸಿಯೇ ತುಂಬಬೇಕು. ನಮ್ಮೂರ ಬಿಸಿಲಿಗೆ ಅದು ದೊಡ್ಡ ಕೆಲಸವೇನೂ ಅಲ್ಲ.

ತೂಕ ಬಂತು, ಬಾಗಿಲು ಕೆಳಗೆ ಜೋತು ಬಿತ್ತು. 4 ಇಂಚಿನ ಎರಡು ಕೀಲು ಸಾಲಲಿಲ್ಲ. ಮುಂದಿನ ತುದಿ 8 ಎಂಎಂ ಇಳಿದು ನೆಲಕ್ಕೆ ಉಜ್ಜತೊಡಗಿತು. ನಾನು ಮೂರನೇ ಕೀಲು ಹಾಕೋಣ ಅಂದೆ. ಉಸ್ತಾದ್ ತಲೆ ಅಲ್ಲಾಡಿಸಿದರು.

"ತಮ್ಮಾ, ಕೀಲು ಎಷ್ಟರ ಹಾಕು, ಜೋತು ಬೀಳೋದ ಅದು. ಭಾರ ಕೆಳಗ ಕೊಡಬೇಕು."

ದೊಡ್ಡ ಗೇಟುಗಳಿಗೆ ಮಾಡುವ ಹಾಗೆ ತಳದಲ್ಲಿ ಒಂದು ಬಟ್ಟಲು, ಅದರೊಳಗೆ ಉಕ್ಕಿನ ಗುಂಡು, ಗ್ರೀಸು. ಬಾಗಿಲ ಕಂಬ ಅದರ ಮೇಲೆ ನಿಂತು ತಿರುಗುತ್ತದೆ. ಮೇಲೆ ಕಂಬ ಹಿಡಿಯುವ ಬಳೆ, ಒಂದು ಬುಷ್ ಮಾತ್ರ. ಈಗ ಪೂರ್ತಿ ತೂಕ ಗುಂಡಿನ ಮೇಲೆ. ಶುರುವಿನಲ್ಲಿ ಎಳೆಯಲು ಬಲ ಬೇಕು, ಒಮ್ಮೆ ಹೊರಟರೆ ನಿಧಾನ ತೂಗುತ್ತಾ ಬರುತ್ತದೆ. ಸಿನಿಮಾಕ್ಕೆ ಇದಕ್ಕಿಂತ ಚೆಂದ ಬಾಗಿಲು ಬೇಕಾ?

ಎಚ್ಚರಿಕೆ ಒಂದಿದೆ. 50 ಕೆಜಿ ದಾಟಿದ ಬಾಗಿಲು ಹೊರಗೆ ತೆರೆದರೆ ಡಬ್ಬಿಯೇ ಮುಂದಕ್ಕೆ ಮಗುಚುತ್ತದೆ. ನಮ್ಮ ಡಬ್ಬಿ 40 ಕೆಜಿ ಅಷ್ಟೇ. ಶಹಾಬಾದ್ ಕಲ್ಲಿನ ತುಂಡು ಫರಸಿ ಅಲ್ಲೇ ಬಿದ್ದಿತ್ತು. 2 ಅಡಿಗೆ 1 ಅಡಿ, ಒಂದೊಂದು ಸುಮಾರು 15 ಕೆಜಿ. ಆರು ತುಂಡನ್ನು ಡಬ್ಬಿಯ ಒಳಗೆ ಹಿಂಬದಿ ಅಂಚಿಗೆ ಪೇರಿಸಿದೆವು. ಕಲ್ಲು ಇಡದೆ ಬಾಗಿಲು ತೆರೆಯಬಾರದು ಅಂತ ಡಬ್ಬಿಯ ಮೇಲೆ ಸುಣ್ಣದಲ್ಲೇ ಬರೆದಿಟ್ಟೆವು. ಎಂಟು ಜನ ಓಡಾಡುವ ಸೆಟ್ಟಿನಲ್ಲಿ ಇದು ಬೇಕೇ ಬೇಕು.

ಹಂತ 2: ಬೋಲ್ಟುಗಳು

ಚಕ್ರ ಗುಜರಿಯಲ್ಲಿ ಸಿಕ್ಕಿದ ಹಳೆ ನೀರಿನ ವಾಲ್ವಿನದು, 350 ರೂಪಾಯಿ. ಅದರ ಹಿಂದೆ ಒಂದು ಉಕ್ಕಿನ ತಟ್ಟೆ. ತಟ್ಟೆಯಿಂದ ಎಂಟು ಪಟ್ಟಿ, ಪ್ರತಿ ಪಟ್ಟಿಯ ತುದಿಗೆ 25 ಎಂಎಂ ರಾಡಿನ 6 ಇಂಚು ತುಂಡು. ತಟ್ಟೆ ತಿರುಗಿದರೆ ಪಟ್ಟಿ ರಾಡನ್ನು ಎಳೆಯಬೇಕು. ರಾಡಿನ ತೂಕಕ್ಕೆ ವರ್ಕ್‌ಶಾಪಿನ ಲೆಕ್ಕ ಎಲ್ಲರಿಗೂ ಗೊತ್ತು: ಎಂಎಂನಲ್ಲಿ ದಪ್ಪ ಗುಣಿಸು ದಪ್ಪ, ಭಾಗಿಸು 162. ಮೀಟರಿಗೆ 3.85 ಕೆಜಿ ಬರುತ್ತದೆ. ಎಂಟು ತುಂಡಿಗೆ ನಾಲ್ಕೂವರೆ ಕೆಜಿ ಮೇಲೆ.

ಕಾಗದದ ಮೇಲೆ ಸರಿಯಾಗಿತ್ತು. ಕೈಯಲ್ಲಿ ಅರ್ಧ ತಿರುಗಿ ಸಿಕ್ಕಿಬಿತ್ತು. ಪ್ರತಿ ಬೋಲ್ಟಿಗೆ ಒಂದೇ ಕಡೆ ಆಧಾರ ಇತ್ತು. ಪಟ್ಟಿ ಓರೆಯಾಗಿ ಎಳೆದ ಕೂಡಲೇ ರಾಡು ಓರೆಯಾಗಿ ಕಚ್ಚಿಕೊಳ್ಳುತ್ತಿತ್ತು. ಎಣ್ಣೆ ಬಿಟ್ಟೆವು, ಉಪಯೋಗವಾಗಲಿಲ್ಲ. ಪ್ರತಿ ಬೋಲ್ಟಿಗೂ 3 ಇಂಚು ಅಂತರದಲ್ಲಿ ಎರಡು ಆಧಾರ ಕೊಟ್ಟ ಮೇಲೆ ಎಲ್ಲವೂ ಸಲೀಸು. ಆಧಾರಕ್ಕೆ ಒಂದು ಇಂಚಿನ ಜಿಐ ಪೈಪಿನ ತುಂಡು ಸಾಕು. ಅದರೊಳಗೆ 25 ಎಂಎಂ ರಾಡು ಸ್ವಲ್ಪ ಸಡಿಲ ಕೂರುತ್ತದೆ. ಪೈಪಿನ ಒಳಗಿನ ವೆಲ್ಡಿಂಗ್ ಗೆರೆಯನ್ನು ದುಂಡನೆ ಅರದಿಂದ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಗೀರುತ್ತದೆ.

ಬಣ್ಣ ಹ್ಯಾಮರ್‌ಟೋನ್ ಬೂದು, ಅಂದರೆ ಸುತ್ತಿಗೆಯಲ್ಲಿ ತಟ್ಟಿದ ಹಾಗೆ ಕಾಣುವ ಬಣ್ಣ. ಹಳೆ ಅಂಗಡಿಗಳ ತಿಜೋರಿಗೆ ಇರುವಂಥದ್ದು. ಬೋಲ್ಟುಗಳಿಗೆ ಬಣ್ಣ ಬೇಡ, ಬರೀ ಎಣ್ಣೆ ಒರೆಸಿ ಬಿಡಿ. ಬೆಳಕು ಬಿದ್ದರೆ ಅವೇ ಮಾತಾಡುತ್ತವೆ.

ಹಂತ 3: ಬೆಂಕಿ

'ಥೀಫ್'ನಲ್ಲಿ ಉಕ್ಕು ಕೊರೆಯುವುದು ಥರ್ಮಲ್ ಲಾನ್ಸಿನಿಂದ. ಕಬ್ಬಿಣದ ಕೊಳವೆಯೊಳಗೆ ಆಮ್ಲಜನಕ ಹರಿಸಿದಾಗ ಕೊಳವೆಯೇ ಉರಿಯುತ್ತದೆ. ಬಿಸಿ 3000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಉಕ್ಕು ಕರಗಲು ಅದರ ಅರ್ಧ ಸಾಕು. ಇದರ ಹತ್ತಿರ ನಾವು ಹೋಗಲಿಲ್ಲ, ಯಾರೂ ಹೋಗಬಾರದು. ನಮಗೆ ಬೇಕಿದ್ದದ್ದು ಬೆಳಕು ಮತ್ತು ಕಿಡಿ ಮಾತ್ರ.

ಮದುವೆ ಮಂಟಪದಲ್ಲಿ ವಧೂವರರು ಬರುವಾಗ ಹಾರಿಸುವ ಕೋಲ್ಡ್ ಪೈರೋ ಯಂತ್ರವನ್ನು 1,500 ರೂಪಾಯಿ ಬಾಡಿಗೆಗೆ ತಂದೆವು. ಅದು ನಿಂತಿದ್ದರೆ ಮಾತ್ರ ಮೇಲಕ್ಕೆ ಕಿಡಿ ಉಗುಳುತ್ತದೆ. ನಮಗೆ ಕಿಡಿ ಅಡ್ಡ ಬರಬೇಕು. ಮಲಗಿಸಿದ ಕೂಡಲೇ ಆಫ್ ಆಯಿತು. ಬಿದ್ದರೆ ನಿಲ್ಲಲಿ ಅಂತಲೇ ಒಳಗೆ ವ್ಯವಸ್ಥೆ ಇದೆ. ಅದನ್ನು ಬಿಚ್ಚಿ ತಪ್ಪಿಸುವ ಮಾತು ನಮ್ಮಲ್ಲೇ ಒಬ್ಬ ಆಡಿದ. ಬೇಡ ಅಂದೆ. ಜನರನ್ನು ಕಾಯಲು ಇಟ್ಟದ್ದನ್ನು ಶಾಟಿಗಾಗಿ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಬಾಡಿಗೆ ದುಡ್ಡು ಹೋಯಿತು.

ಆಮೇಲೆ 4 ಇಂಚಿನ ಗ್ರೈಂಡರ್. ಡಬ್ಬಿಯ ಹಿಂದೆ ಉಸ್ತಾದ್ ಕೂತು ಕಬ್ಬಿಣ ಉಜ್ಜುವುದು, ಬಾಗಿಲ ತೂತಿನಿಂದ ಕಿಡಿ ಮುಂದೆ ಬರುವುದು. ತೆಳು ಕಟಿಂಗ್ ಚಕ್ರದಿಂದ ಕಿಡಿ ಸಣ್ಣ ಗೆರೆಯಾಗಿ ಬಂತು. ದಪ್ಪ ಗ್ರೈಂಡಿಂಗ್ ಚಕ್ರ ಹಾಕಿದಾಗ ತುಂಬಿ ಬಂತು. ಆದರೂ ಸಾದಾ ಕಬ್ಬಿಣದ ಕಿಡಿ ಉದ್ದಕ್ಕೆ ಹೋಗಿ ಸುಮ್ನೆ ಆರುತ್ತದೆ. ಉಸ್ತಾದ್ ಮೂಲೆಯಿಂದ ಲಾರಿಯ ಹಳೆ ಪಾಟಾ ತುಂಡು ತಂದರು. ಸ್ಪ್ರಿಂಗಿನ ಉಕ್ಕಿನಲ್ಲಿ ಇಂಗಾಲ ಜಾಸ್ತಿ. ಅದರ ಕಿಡಿ ತುದಿಯಲ್ಲಿ ಒಡೆದು ಹೂವಾಗುತ್ತದೆ. ಪರದೆಯ ಮೇಲೆ ಆ ವ್ಯತ್ಯಾಸ ಎದ್ದು ಕಾಣುತ್ತದೆ. ತೂತಿನ ಹಿಂದೆ 50 ವ್ಯಾಟಿನ ಬಿಳಿ ಎಲ್‌ಇಡಿ ಫ್ಲಡ್ ಲೈಟು ಇಟ್ಟೆವು. ಕಿಡಿಯ ಕಿತ್ತಳೆ, ಅದರ ಬುಡದಲ್ಲಿ ಕಣ್ಣು ಕುಕ್ಕುವ ಬಿಳಿ. ಲಾನ್ಸಿನ ನೆನಪು ಬರಲು ಇಷ್ಟು ಸಾಕಾಯಿತು.

ಕರಗಿದ ತೂತು ತೋರಿಸುವುದು ಬೇರೆ ಸಮಸ್ಯೆ. 18 ಗೇಜ್ ಶೀಟಿಗೆ ಗ್ಯಾಸ್ ಕಟ್ಟರ್ ಹಿಡಿದರೆ ಶೀಟೆಲ್ಲ ಹಪ್ಪಳವಾಗಿ ಸೊಟ್ಟಗಾಯಿತು. ಹಾಗಾಗಿ ಬಾಗಿಲ ನಡುವೆ 1 ಅಡಿ ಚೌಕ ಕತ್ತರಿಸಿ, 6 ಎಂಎಂ ಪ್ಲೇಟು ನಾಲ್ಕು ಬೋಲ್ಟಿನಲ್ಲಿ ಕೂರಿಸಿದೆವು. ಇಂಥ ಮೂರು ಪ್ಲೇಟು: ಒಂದು ಪೂರ್ತಿ, ಒಂದು ಅರ್ಧ ಕೊರೆದದ್ದು, ಒಂದು ತೂತು ಬಿದ್ದದ್ದು. ದಪ್ಪ ಪ್ಲೇಟಿನಲ್ಲಿ ಗ್ಯಾಸ್ ಕಟಿಂಗಿನ ಕಿಟ್ಟ ನಿಜವಾಗಿ ಇಳಿದು ಗಟ್ಟಿಯಾಗುತ್ತದೆ. ಪುಟ್ಟಿ ಹಚ್ಚಿ ಬಣ್ಣ ಬಳಿಯುವ ಕೆಲಸ ತಪ್ಪಿತು.

ಕಿಡಿಯ ಶಾಟುಗಳನ್ನೆಲ್ಲ ಉಸ್ತಾದರ ಶೆಡ್ಡಿನಲ್ಲೇ ತೆಗೆದೆವು. ಉಳಿದ ದೃಶ್ಯ ಗಂಜ್ ಕಡೆಯ ಒಂದು ದಾಲ್ ಮಿಲ್ಲಿನ ಅಂಗಳದಲ್ಲಿ. ಅಲ್ಲೇ ಕಿಡಿ ಹಾರಿಸಿದ್ದರೆ ಜಾಗ ಒಂದೇ ಕಾಣುತ್ತಿತ್ತು, ಹೌದು. ಆದರೆ ತೊಗರಿ ಹೊಟ್ಟು, ಗಾಳಿಯಲ್ಲಿ ತೇಲುವ ಬೇಳೆ ಧೂಳು, ಎರಡೂ ಕಿಡಿ ತಗುಲಿದರೆ ಹತ್ತಿಕೊಳ್ಳುತ್ತವೆ. ಮಿಲ್ಲಿನಲ್ಲಿ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ನಟನಿಗೆ ಕನ್ನಡಕ, ಚರ್ಮದ ಕೈಗವಸು, ಹತ್ತಿ ಅಂಗಿ. ಪಾಲಿಯೆಸ್ಟರ್ ಬೇಡವೇ ಬೇಡ. ಪಕ್ಕದಲ್ಲಿ ಎರಡು ಬಕೆಟ್ ಮರಳು.

ಹಂತ 4: ಒದ್ದೆ ನೆಲ

'ಥೀಫ್'ನ ಶಿಕಾಗೋ ರಾತ್ರಿಗಳು ಹೊಳೆಯಲು ಕಾರಣ ಬೀದಿಗೆ ನೀರು ಹಾಕಿ ಒದ್ದೆ ಮಾಡಿದ್ದು. ಬಣ್ಣದ ದೀಪಗಳು ನೆಲದಲ್ಲೂ ಕಾಣುತ್ತವೆ. ಟ್ಯಾಂಜರಿನ್ ಡ್ರೀಮ್ ಅವರ ಸಂಗೀತ ಅದರ ಮೇಲೆ ಹರಿಯುತ್ತದೆ.

ಬೇಸಿಗೆಯಲ್ಲಿ ಕಲಬುರಗಿಯ ಬೀದಿಗೆ ಟ್ಯಾಂಕರ್ ನೀರು ಸುರಿಯಲು ಮನಸ್ಸು ಒಪ್ಪಲಿಲ್ಲ. ಓಣಿಯಲ್ಲಿ ಜನ ಕೊಡ ಹಿಡಿದು ನಿಂತಿರುತ್ತಾರೆ. ಹಾಗಾಗಿ ಕಡಿಮೆ ನೀರಿನಲ್ಲಿ ಏನಾಗುತ್ತದೆ ನೋಡಿದೆವು. ಸಿಸಿ ರಸ್ತೆ ನೀರು ಕುಡಿದು ಮಂಕು ಬೂದಿಯಾಗಿ ಉಳಿಯಿತು. ಡಾಂಬರು ಪರವಾಗಿಲ್ಲ, ಆದರೆ ಹಗಲಿನ ಬಿಸಿ ಹಿಡಿದಿಟ್ಟುಕೊಂಡಿರುತ್ತದೆ, ಬೇಗ ಒಣಗುತ್ತದೆ. ಗೆದ್ದದ್ದು ನಮ್ಮದೇ ಶಹಾಬಾದ್ ಫರಸಿ. ಒಣಗಿದ್ದಾಗ ಬೂದು, ಒದ್ದೆಯಾದರೆ ಕಪ್ಪು ನೀಲಿ. ತೆಳು ನೀರಿನ ಪದರ ಇದ್ದರೂ ದೀಪ ಪೂರ್ತಿ ಬಿಂಬಿಸುತ್ತದೆ. ದಾಲ್ ಮಿಲ್ಲಿನ ಅಂಗಳ ಆರಿಸಿಕೊಂಡದ್ದು ಈ ಕಲ್ಲಿಗಾಗಿಯೇ.

ನೀರು ಹಾಕಲು ತೊಗರಿಗೆ ಔಷಧ ಹೊಡೆಯುವ ಬೆನ್ನಿನ ಪಂಪು, 16 ಲೀಟರಿನದು, ಹೊಸದೇ ಕೊಂಡೆವು. ಹೊಲದಲ್ಲಿ ಬಳಸಿದ ಪಂಪು ತರಬೇಡಿ, ಔಷಧದ ಅಂಶ ಉಳಿದಿರುತ್ತದೆ, ನಟ ಆ ನೆಲದ ಮೇಲೆ ಮಂಡಿಯೂರುತ್ತಾನೆ. ಕ್ಯಾಮೆರಾ ನೋಡುವಷ್ಟು ನೆಲಕ್ಕೆ ಮಾತ್ರ ಹೊಡೆಯಬೇಕು. ಎರಡು ಡ್ರಮ್ಮು ನೀರು ಇಡೀ ರಾತ್ರಿಗೆ ಆಯಿತು.

ದೀಪಕ್ಕೆ ಎರಡು ಬಣ್ಣದ ಆರ್‌ಜಿಬಿ ಫ್ಲಡ್ ಲೈಟು, ಒಂದು ಹಳೆ ಮೆಡಿಕಲ್ ಶಾಪಿನ ಹಸಿರು ಪ್ಲಸ್ ಬೋರ್ಡು. ಬೀದಿ ದೀಪಗಳೆಲ್ಲ ಬಿಳಿ ಎಲ್‌ಇಡಿಯಾದ ಮೇಲೆ ನಮ್ಮೂರ ರಾತ್ರಿಗೆ ಉಳಿದ ಬಣ್ಣ ಆ ಹಸಿರೇ ಅಲ್ವಾ? ಶುರುವಿನಲ್ಲಿ ಪರದೆ ಮೇಲೆ ಗೆರೆ ಗೆರೆ ಓಡಿತು. ನಮ್ಮ ಕರೆಂಟು 50 ಹರ್ಟ್ಜ್. ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮು, ಶಟರ್ 1/50 ಸೆಕೆಂಡು ಇಟ್ಟಾಗ ಬಿಳಿ ದೀಪದ ಗೆರೆ ಹೋಯಿತು. ಬಣ್ಣದ ದೀಪಗಳು ಮಾತ್ರ ಮಂದ ಮಾಡಿದರೆ ಮತ್ತೆ ಮಿನುಗುತ್ತಿದ್ದವು. ಅವನ್ನು ಪೂರ್ತಿ ಬೆಳಕಿನಲ್ಲಿಟ್ಟು ಮುಂದೆ ಬಿಳಿ ಬಟ್ಟೆ ಕಟ್ಟಿ ಮಂದ ಮಾಡಿದೆವು.

ರಾತ್ರಿ ಶೂಟಿಂಗ್ ಇದೆ ಅಂತ ಪೊಲೀಸ್ ಠಾಣೆಗೆ ಮೊದಲೇ ಪತ್ರ ಕೊಟ್ಟು, ಠಸ್ಸೆ ಬಿದ್ದ ನಕಲನ್ನು ಜೇಬಲ್ಲಿ ಇಟ್ಟುಕೊಂಡಿದ್ದೆವು. ಟೆಂಪೋದಲ್ಲಿ ತಿಜೋರಿ ಸಾಗಿಸುವವರು ಇದನ್ನು ಮರೆಯಬಾರದು.

ಹಂತ 5: ಜೇಬಿನ ಕಾರ್ಡು

ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿಂದದ್ದು ಇದು: ನಮ್ಮ ಕಥೆಯ ಕಳ್ಳ ತನ್ನ ಆಸೆಗಳ ಚಿತ್ರ ಅಂಟಿಸಿ ಜೇಬಲ್ಲಿ ಇಟ್ಟುಕೊಳ್ಳುವ ಕಾರ್ಡು. ಅಳತೆ 5 ಇಂಚಿಗೆ 7 ಇಂಚು, ಮಡಚಿದರೆ ಪಾಕೀಟಿಗೆ ಹೋಗಬೇಕು.

'ಥೀಫ್'ನಲ್ಲಿ ಫ್ರಾಂಕ್ ಜೈಲಿನಲ್ಲಿದ್ದಾಗ ಪತ್ರಿಕೆಗಳಿಂದ ಚಿತ್ರ ಕತ್ತರಿಸಿ ಒಂದು ಹಾಳೆಗೆ ಅಂಟಿಸಿರುತ್ತಾನೆ. ಮನೆ, ಹೆಂಡತಿ, ಮಕ್ಕಳು, ಜೊತೆಗೆ ಜೈಲಿನಲ್ಲಿ ಅವನಿಗೆ ತಂದೆಯಂತಿದ್ದ ಓಕ್ಲಾನ ಫೋಟೋ. ಅದೇ ಅವನ ಬಾಳಿನ ನಕ್ಷೆ. ರಾತ್ರಿ ಹೋಟೆಲಿನಲ್ಲಿ ಕೂತು, ತಾನು ಮೆಚ್ಚಿದ ಜೆಸ್ಸಿಗೆ ಅದನ್ನು ತೆಗೆದು ತೋರಿಸುತ್ತಾನೆ. ಆ ದೃಶ್ಯದಲ್ಲಿ ಗುಂಡಿಲ್ಲ, ಓಟವಿಲ್ಲ, ಇಬ್ಬರ ಮಾತು ಅಷ್ಟೇ. ನನಗೆ ಇಡೀ ಸಿನಿಮಾ ನಿಂತಿರುವುದು ಅದರ ಮೇಲೆ.

ಆ ಹಾಳೆಯನ್ನೇ ನಕಲು ಮಾಡುವುದು ಬೇಡ, ನಮ್ಮವನ ಆಸೆ ನಮ್ಮೂರದಾಗಿರಲಿ ಅಂದುಕೊಂಡೆವು. ಮೊದಲು ಕಂಪ್ಯೂಟರಿನಲ್ಲಿ ಜೋಡಿಸಿ ಇಂಕ್‌ಜೆಟ್ಟಿನಲ್ಲಿ ಮುದ್ರಿಸಿದೆವು. ಬೆವರು ತಾಗಿ ಬಣ್ಣ ಇಳಿಯಿತು. ನೋಡಲೂ ಮದುವೆ ಬ್ಯಾನರಿನಂತಿತ್ತು. ಆಮೇಲೆ ಕೈಯಿಂದಲೇ ಕತ್ತರಿಸಿದೆವು. ಬೀಜದ ಅಂಗಡಿಯ ಕ್ಯಾಲೆಂಡರು, ಹಳೆ ಲಗ್ನಪತ್ರಿಕೆ, ಭಾನುವಾರದ ಪುರವಣಿ. ಬಿಳಿ ಅಂಟು ಹಾಕಿದರೆ ಒಣಗಿ ಬಿರುಸಾಗಿ ಮಡಿಕೆಯಲ್ಲಿ ಬಿರುಕು ಬಿಟ್ಟಿತು. ಮೈದಾ ಅಂಟಿಗೆ ಇರುವೆ ಬಂದವು. ಶಾಲೆ ಮಕ್ಕಳು ಬಳಸುವ ಗ್ಲೂ ಸ್ಟಿಕ್ಕೇ ಕೊನೆಗೆ ಸರಿ ಹೋಯಿತು. ತೆಳುವಾಗಿ ಹಚ್ಚಿ, ಭಾರದ ಪುಸ್ತಕದ ಕೆಳಗೆ ರಾತ್ರಿ ಇಟ್ಟರೆ ಸಾಕು.

ಯಾವ ಚಿತ್ರ ಇರಬೇಕು ಅನ್ನುವುದಕ್ಕೆ ಜಗಳವೇ ಆಯಿತು. ನಾನು ಬಂಗಲೆಯ ಫೋಟೋ ಅಂಟಿಸಿದ್ದೆ. ನಮ್ಮ ತಂಡದಲ್ಲಿ ವೇಷಭೂಷಣ ನೋಡುವ ಅಕ್ಕ ಅದನ್ನು ಕಿತ್ತು ಹಾಕಿದರು.

"ಇವಗ ಬಂಗಲೆ ಯಾಕ ಬೇಕೋ? ಬ್ಯಾರೇವ್ರ ತಿಜೋರಿ ತೆಗೆದು ತೆಗೆದು ಸಾಕಾಗ್ಯಾದ. ತನ್ನ ಮನಿ ಕೀಲಿ ತಾನು ತೆಗಿಬೇಕು ಅಂತ ಆಸೆ ಅದಾ ಅವಗ. ಬಾಗಲಾ ಹಚ್ಚು ಸಾಕು."

ನಾನು ಒಪ್ಪಿದೆ. ಈಗ ಕಾರ್ಡಿನಲ್ಲಿರುವುದು ಇಷ್ಟು: ಹಸಿರು ಬಣ್ಣದ ಒಂದು ಮನೆ ಬಾಗಿಲು, ಮುಂದೆ ಎರಡು ಫರಸಿ ಮೆಟ್ಟಿಲು. ಲಗ್ನಪತ್ರಿಕೆಯಿಂದ ಕತ್ತರಿಸಿದ ಕಳಶ, ಹೆಸರಿನ ಜಾಗ ಖಾಲಿ. ಸ್ಕೂಲ್ ಬ್ಯಾಗು ಹಾಕಿಕೊಂಡ ಹುಡುಗಿಯ ಬೆನ್ನು. ತೊಗರಿ ಹೂವಿನ ಚಿತ್ರ, ಅಪ್ಪನ ಹೊಲದ ನೆನಪಿಗೆ. ಮೂಲೆಯಲ್ಲಿ ಶರಣಬಸವೇಶ್ವರರ ಗುಡಿಯ ಶಿಖರ. ನಟ ಅದನ್ನು ಮೊದಲ ಸಲ ನೋಡಿದಾಗ ಸಂಭಾಷಣೆಯ ಎರಡು ಸಾಲು ತಾನೇ ಕೈಬಿಟ್ಟ. ಕಾರ್ಡೇ ಹೇಳುತ್ತಿತ್ತು.

ಹಳೆಯದು ಮಾಡುವುದು ಉಳಿದಿತ್ತು. ಚಹಾ ನೀರಲ್ಲಿ ಅದ್ದುವ ಉಪಾಯ ಎಲ್ಲರೂ ಹೇಳುತ್ತಾರೆ. ಮಾಡಿದೆವು. ಎಲ್ಲ ಕಡೆ ಒಂದೇ ಹಳದಿ ಬಂದು ರಾಜರ ಕಾಲದ ಪತ್ರದಂತಾಯಿತು. ಪಾಕೀಟಿನ ಕಾಗದ ಹಾಗೆ ಹಳೆಯದಾಗುವುದಿಲ್ಲ. ಮಡಿಕೆ ಬೆಳ್ಳಗಾಗುತ್ತದೆ, ಮೂಲೆ ದುಂಡಾಗುತ್ತದೆ, ಬೆರಳು ಹಿಡಿಯುವ ಜಾಗ ಮಾತ್ರ ಕಪ್ಪಾಗುತ್ತದೆ. ನಟನಿಗೇ ಎರಡು ಪ್ರತಿ ಕೊಟ್ಟು, ಪ್ಯಾಂಟಿನ ಹಿಂಜೇಬಿನಲ್ಲಿ ಇಟ್ಟುಕೊಂಡೇ ಓಡಾಡು, ಆಗಾಗ ತೆಗೆದು ಮಡಚು ಅಂದೆವು. ಏಪ್ರಿಲ್, ಮೇ ಬೆವರು ಉಳಿದದ್ದನ್ನು ಮಾಡಿತು. ಎರಡು ಪ್ರತಿ ಬೇಕೇ ಬೇಕು. ಒಂದು ಹರಿದರೆ ಅಷ್ಟೇ ಹಳೆಯದಾದ ಇನ್ನೊಂದು ಆ ಕ್ಷಣಕ್ಕೆ ಸಿಗುವುದಿಲ್ಲ.

ಖರ್ಚು ಮತ್ತು ಉಳಿದ ಕೆಲಸ

ಕಬ್ಬಿಣ 5,400. ಚಕ್ರ 350. ವೆಲ್ಡಿಂಗ್ ಮಜೂರಿ 4,500. ಪ್ಲೈ, ಮರಳು, ಬಣ್ಣ 1,900. ಬೆನ್ನಿನ ಪಂಪು 1,650. ಬಣ್ಣದ ದೀಪ ಎರಡು 2,600. ಕೋಲ್ಡ್ ಪೈರೋ ಬಾಡಿಗೆ 1,500. ಗ್ರೈಂಡಿಂಗ್ ಚಕ್ರ, ಪಾಟಾ ತುಂಡು 420. ಕಾರ್ಡಿನ ಸಾಮಾನು 180. ಒಟ್ಟು 18,500 ರೂಪಾಯಿ. ಹಸಿರು ಬೋರ್ಡು, ಫರಸಿ ತುಂಡು, ಅಂಗಳ ಇವಕ್ಕೆ ಯಾರೂ ದುಡ್ಡು ತಗೊಳ್ಳಲಿಲ್ಲ.

ಚಕ್ರ ಈಗ ಸ್ವಲ್ಪ ಆಡುತ್ತಿದೆ. ತಿರುಗಿಸಿದ ಮೇಲೆ ಅರ್ಧ ಇಂಚು ಖಾಲಿ ಹೋಗಿ ಆಮೇಲೆ ಬೋಲ್ಟು ಎಳೆಯುತ್ತದೆ. ದೂರದ ಶಾಟಿನಲ್ಲಿ ಗೊತ್ತಾಗುವುದಿಲ್ಲ, ಕೈಯ ಕ್ಲೋಸಪ್ಪಿನಲ್ಲಿ ಗೊತ್ತಾಗುತ್ತದೆ. ಶಾಫ್ಟಿಗೆ ತೋಡು ಕೊರೆದು ಚಾವಿ, ಅಂದರೆ ಚಕ್ರ ಜಾರದಂತೆ ಹಿಡಿಯುವ ಉಕ್ಕಿನ ತುಂಡು, ಕೂರಿಸಬೇಕು ಅಂತ ಉಸ್ತಾದ್ ಹೇಳಿದ್ದಾರೆ. ಅದು ಮುಗಿದ ಕೂಡಲೇ ಕ್ಲೋಸಪ್ಪುಗಳನ್ನು ತೆಗೆದುಕೊಂಡು ತಿಜೋರಿ ಬಿಚ್ಚುತ್ತೇವೆ. ಎಲ್ಲವನ್ನೂ ಬೋಲ್ಟಿನಿಂದ ಜೋಡಿಸಿದೆ, ವೆಲ್ಡಿಂಗ್ ಇರುವುದು ಫ್ರೇಮಿಗೆ ಮಾತ್ರ. ಮರಳು, ಕಲ್ಲು ತೆಗೆದರೆ ಇಬ್ಬರು ಸೇರಿ ಟೆಂಪೋಕ್ಕೆ ಏರಿಸಬಹುದು. ಬೀದರ್, ಯಾದಗಿರಿ ಕಡೆ ಯಾರಾದರೂ ಇಂಥ ಕಥೆ ಮಾಡುತ್ತಿದ್ದರೆ ತಿಜೋರಿ ಒಯ್ಯಿರಿ, ಬಾಡಿಗೆ ಬೇಡ. ಮೂರು ಪ್ಲೇಟನ್ನೂ ಜೊತೆಗೇ ಕೊಡುತ್ತೇವೆ.